ಕ್ಲೈವನ ನೆಲಗೋಗಿಲೆ

ಉಳಿದವರಿಗೆ ಮೊದಲು ಹಕ್ಕಿಯ ಹುಚ್ಚು ಹಿಡಿಯುತ್ತದೆ, ಆಮೇಲೆ ಅವರು ದುರ್ಬೀನು ಕೊಳ್ಳುತ್ತಾರೆ. ಕ್ಲೈವ್ ಪೆಂಗೆಲಿಯದು ತಿರುವುಮುರುವು. ಹಾಸಿಗೆ ಮಾರುವ ಅಂಗಡಿಯಲ್ಲಿ ಗಿರಾಕಿಗಳಿಗೆ ಮಲಗಿ ತೋರಿಸುತ್ತಲೇ ಆಯುಷ್ಯ ಸವೆಸಿ ನಿವೃತ್ತನಾದಾಗ ಅಂಗಡಿಯವರು ಒಂದು ದುರ್ಬೀನು ಕೊಟ್ಟು ಕಳಿಸಿದರು. ಕೊಟ್ಟದ್ದನ್ನು ಹಾಕಿಕೊಳ್ಳದಿದ್ದರೆ ಮರ್ಯಾದೆಯಲ್ಲವೆಂದು ಕೊರಳಿಗೆ ಹಾಕಿಕೊಂಡ. ಹಾಕಿಕೊಂಡ ಮೇಲೆ ಏನನ್ನಾದರೂ ನೋಡದಿದ್ದರೆ ಚೆನ್ನಾಗಿರುವುದಿಲ್ಲವೆಂದು ಮರಗಳನ್ನು ನೋಡಿದ. ದಾರಿಹೋಕರು "ಅದ್ಯಾವ ಹಕ್ಕಿ?" ಎಂದು ಕೇಳಿದಾಗ ಸುಮ್ಮನಿದ್ದರೆ ಅವರ ಮನಸ್ಸಿಗೆ ನೋವಾದೀತೆಂದು ಬಾಯಿಗೆ ಬಂದ ಹೆಸರು ಹೇಳಿದ. ಹೀಗೆ ಬರೀ ದಾಕ್ಷಿಣ್ಯಕ್ಕೆ ಬಿದ್ದು ಅವನು ಬ್ರಿಸ್ಬೇನಿನ ಅಂಚಿನ ಕೂರಂಬಾ ಪಾರ್ಕಿನ ಪಕ್ಷಿತಜ್ಞನಾದ.

ಸೆಪ್ಟೆಂಬರ್ ಬಂತೆಂದರೆ ಕೂರಂಬಾದ ಹಕ್ಕಿ ಸಂಘದವರಿಗೆ ಸರಿಯಾಗಿ ನಿದ್ದೆ ಹತ್ತುವುದಿಲ್ಲ. ನ್ಯೂಗಿನಿಯಿಂದ ಸಮುದ್ರ ದಾಟಿ ಕೋಗಿಲೆಗಳು ಬರುವ ಕಾಲ ಅದು. ಕೋಗಿಲೆ ಕೂಗಿದರೆ ಹಾಡು ಕಟ್ಟುವಂಥ ಊರಲ್ಲ ಅದು. ಅಲ್ಲಿನ ಜನ ಕಿಟಕಿ ಬಡಿದು ಹಾಕಿ ಅದರ ವಂಶವನ್ನೇ ಬೈಯುತ್ತಾರೆ. ಸಂಘದವರು ಮಾತ್ರ ಕಾದು ಕೂರುತ್ತಾರೆ. ವಸಂತದ ಮೊದಲ ಕೂಗು ಯಾರ ಕಿವಿಗೆ ಬೀಳುತ್ತದೋ ಅವರ ಹೆಸರನ್ನು ಪಾರ್ಕಿನ ಚಹಾದಂಗಡಿಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸುವುದು ಅಲ್ಲಿಯ ಪದ್ಧತಿ. ಹಿಂದಿನ ವರ್ಷ ಕ್ಲೈವ್ ಎಲ್ಲರಿಗಿಂತ ಮುಂಚೆ ಕೇಳಿಸಿಕೊಂಡಿದ್ದ. ಬಣ್ಣದವನನ್ನು ಕರೆಸಿ, ಅವನು ಹೆಸರಿನ ಅರ್ಧ ಬರೆದು ಮುಗಿಸಿದ ಮೇಲೆ, ಅದು ಕಸದ ಲಾರಿ ಹಿಂದಕ್ಕೆ ಬರುವಾಗ ಮಾಡುವ ಸದ್ದೆಂದು ಗೊತ್ತಾಯಿತು. ಗೋಡೆಯ ಮೇಲೆ 'ಕ್ಲೈ' ಇನ್ನೂ ಹಾಗೇ ಇದೆ. ಸಂಘದ ದಾಖಲೆಗಳ ಯಜಮಾನ, ನಿವೃತ್ತ ದಂತವೈದ್ಯ ಗ್ರಹಾಂ ಓಕ್‌ಷಾಟ್, ಅಂದಿನಿಂದ ಒಂದು ಕಟ್ಟಳೆ ಮಾಡಿದ್ದ: ಕ್ಲೈವನ ಕಿವಿಗೆ ಬಿದ್ದದ್ದು ಇನ್ನೊಬ್ಬರ ಕಿವಿಗೂ ಬೀಳಬೇಕು.

ಅರ್ಧ ಹೆಸರಿನ ಮನುಷ್ಯನಾಗಿ ವರ್ಷವಿಡೀ ಚಹಾ ಕುಡಿಯುವುದೆಂದರೆ ಹುಡುಗಾಟವಲ್ಲ. ಈ ಸಲ ಏನಾದರಾಗಲಿ, ಉಳಿದ ಅರ್ಧವನ್ನು ಬರೆಸಿಯೇ ಸಿದ್ಧವೆಂದು ಕ್ಲೈವ್ ಹಟ ತೊಟ್ಟ. ಅದರ ಬಿಸಿ ತಟ್ಟಿದ್ದು ಎನಿಡ್‌ಗೆ. ಎನಿಡ್ ಅವನ ಹೆಂಡತಿ ಬೆರಿಲಳ ಅಕ್ಕ. ಗಂಡ ಸತ್ತ ಮೇಲೆ ಇವರ ಮನೆಯಲ್ಲೇ ಇದ್ದಳು. ಆ ಶುಕ್ರವಾರ ಸಂಜೆ ಮೇಜಿನ ಮೇಲೆ ಕುರಿಮಾಂಸದ ಚಾಪ್ಸು, ಕುಂಬಳಕಾಯಿ, ಬಟಾಣಿ ಇತ್ತು. ಎನಿಡ್ ರೇಡಿಯೊದಲ್ಲಿ ಕುದುರೆ ರೇಸು ಹಾಕಿಕೊಂಡು ಕೂತಿದ್ದಳು. ಕ್ಲೈವ್ ಕಿಟಕಿಯಿಂದ ತಲೆ ಹೊರಹಾಕಿ ನಿಂತಿದ್ದ.

"ಶ್!"

"ಏನು ಶ್?"

"ಇವತ್ತೋ ನಾಳೆಯೋ ಕೋಗಿಲೆ ಬರುತ್ತೆ. ಆ ರೇಡಿಯೊ ಆರಿಸಿ."

ಎನಿಡ್ ಆರಿಸಿದಳು. ಚಾಪ್ಸಿಗೆ ಚಾಕು ಹಾಕಿದಳು.

"ಶ್! ಚಾಕು ಸದ್ದಾಗ್ತಿದೆ."

"ಬೆರಿಲ್, ನಿನ್ನ ಗಂಡನ್ನ ಕೇಳು. ನಾನು ಬಟಾಣಿ ಜಗಿಯೋಕೂ ಕೋಗಿಲೆ ಅಪ್ಪಣೆ ಬೇಕಾ ಅಂತ."

"ಒಂಚೂರು ಮೆತ್ತಗೆ ಜಗಿ ಅಕ್ಕ," ಎಂದಳು ಬೆರಿಲ್. ಅವಳಿಗೆ ಎರಡೂ ಕಡೆ ಶಾಂತಿ ಬೇಕಿತ್ತು, ಹಾಗಾಗಿ ಎರಡೂ ಕಡೆ ಬೈಗುಳ ತಿನ್ನುತ್ತಿದ್ದಳು.

ಎನಿಡ್ ಎದ್ದು ಕೋಣೆಗೆ ಹೋಗಿ ಸೂಟ್‌ಕೇಸಿನೊಂದಿಗೆ ಹೊರಬಂದಳು. "ನಾನು ಟೂವೂಂಬಾಗೆ ಹೊರಟೆ, ಮಗ ಗಾರ್ಡನ್‌ನ ಮನೆಗೆ. ಹೆತ್ತ ಮಗ, ಕೆಮ್ಮೋಕಾದ್ರೂ ಬಿಡ್ತಾನೆ. ಯಾರೂ ಫೋನ್ ಮಾಡ್ಬೇಡಿ, ಕೋಗಿಲೆಗೆ ತೊಂದರೆ ಆದೀತು!" ಎಂದು ಬಾಗಿಲನ್ನು, ನ್ಯೂಗಿನಿಗೇ ಕೇಳಿಸುವ ಹಾಗೆ, ಬಡಿದು ಹೋದಳು.

ಬಸ್ ನಿಲ್ದಾಣಕ್ಕೆ ಪಾರ್ಕಿನೊಳಗಿಂದ ಹೋದರೆ ಹತ್ತಿರ. ದೊಡ್ಡ ಅತ್ತಿಮರದ ಆಚೆ ಎದೆಯೆತ್ತರದ ಹುಲ್ಲಿದೆ. ಹುಲ್ಲಿನ ಕೆಳಗೆ, ಉಗಿಬಂಡಿಗಳ ಕಾಲದಲ್ಲಿ ನೀರು ತುಂಬಿಡಲು ಕಟ್ಟಿದ ಇಟ್ಟಿಗೆಯ ತೊಟ್ಟಿಯೊಂದು ನೆಲದೊಳಗೆ ಹೂತುಹೋಗಿದೆ. ಮುಚ್ಚಿದ ಹಲಗೆಗಳು ಕೊಳೆತು ಲಡ್ಡಾಗಿವೆಯೆಂಬುದಿರಲಿ, ಅಲ್ಲೊಂದು ತೊಟ್ಟಿ ಇದೆಯೆಂಬುದೇ ಊರಿಗೆ ಮರೆತುಹೋಗಿತ್ತು. ಎನಿಡ್ ಅತ್ತಿಮರದ ಕಡೆ ನಡೆದಳು. ಬಸ್ ನಿಲ್ದಾಣ ಅವಳನ್ನು ಕಾಣಲಿಲ್ಲ.

ಮಾರನೆಯ ನಸುಕಿನಲ್ಲಿ ಕ್ಲೈವ್ ಪಾರ್ಕಿಗೆ ಹೋದಾಗ ಮಂಜು ಮೊಣಕಾಲಿನವರೆಗೆ ನಿಂತಿತ್ತು. ದಿನವೂ ಕಸದ ತೊಟ್ಟಿ ಕೆದಕುವ ಐಬಿಸ್ ಹಕ್ಕಿಗಳು ಅಂದು ಒಂದೂ ಇರಲಿಲ್ಲ. ಗಿಳಿಗಳ ಗಲಾಟೆಯಿಲ್ಲ. ಎಲೆ ಕೂಡ ಅಲ್ಲಾಡದೆ ಪಾರ್ಕು ಉಸಿರು ಕಟ್ಟಿ ನಿಂತಂತಿತ್ತು. ಆಗ ಅತ್ತಿಮರದ ಆಚೆಯಿಂದ ಸದ್ದು ಬಂತು.

"ಊಊ... ಆಆಯ್..."

ಅದು ಮೇಲಿನಿಂದ ಬರಲಿಲ್ಲ. ಮಂಜಿನ ಕೆಳಗಿನಿಂದ, ಪೊಳ್ಳಾಗಿ, ಯಾರೋ ಕೊಡದೊಳಗೆ ಬಾಯಿಟ್ಟು ಅತ್ತ ಹಾಗೆ ಎದ್ದಿತು. ಕ್ಲೈವನ ಕುತ್ತಿಗೆಯ ಕೂದಲು ನಿಮಿರಿತು. ತಕ್ಷಣ ಅವನು, ಯಾವ ಪಕ್ಷಿತಜ್ಞನೂ ಮಾಡುವಂತೆ, ಇನ್ನೊಬ್ಬರ ಕಿವಿ ಹುಡುಕಿಕೊಂಡು ಓಡಿದ.

ಗ್ರಹಾಂ ಓಕ್‌ಷಾಟ್ ರಾತ್ರಿಯುಡುಪಿನ ಮೇಲೆ ಕೋಟು ಹಾಕಿಕೊಂಡು ಬಂದ. ಬರುವಾಗ ಮುಖದಲ್ಲಿದ್ದ ವ್ಯಂಗ್ಯ, ಆ ಕೂಗು ಕೇಳಿದ್ದೇ ತಡ, ಇಳಿದುಹೋಯಿತು.

"ಕ್ಲೈವ್, ಇದು ಕೋಗಿಲೆ ಅಲ್ಲ ಕಣಯ್ಯಾ."

"ನಾನೆಲ್ಲಿ ಕೋಗಿಲೆ ಅಂದೆ?"

"ರಾತ್ರಿ ಆರ್ತನಾದ ಮಾಡೋ ಕರ್ಲ್ಯೂ ಹಕ್ಕೀನೂ ಅಲ್ಲ. ಅದು ಅತ್ತರೆ ನಂಗೆ ಗೊತ್ತಾಗುತ್ತೆ. ಇಷ್ಟು ವರ್ಷದಲ್ಲಿ ಇಂಥಾದ್ದು ಕೇಳಿಲ್ಲ. ನೆಲದಿಂದ ಬರ್ತಿದೆ."

"ಅದಕ್ಕೇ ಅದನ್ನ ನೆಲಗೋಗಿಲೆ ಅನ್ನೋದು," ಎಂದುಬಿಟ್ಟ ಕ್ಲೈವ್. ಬಾಯಿಗೆ ಬಂದದ್ದನ್ನು ಹೇಳಿ ಅವನಿಗೆ ರೂಢಿ. "ನ್ಯೂಗಿನಿಯ ಬೆಟ್ಟಗಳದ್ದು. ಗಾಳಿಗೆ ಸಿಕ್ಕಿ ಬಂದಿರ್ಬೇಕು. ಬಹಳ ನಾಚಿಕೆ ಸ್ವಭಾವ."

ದಂತವೈದ್ಯನಿಗೆ ಕಣ್ಣಲ್ಲಿ ನೀರು ಬಂತು. ಯಾರೂ ಹತ್ತಿರ ಹೋಗಬಾರದು, ಯಾರೂ ಸದ್ದು ಮಾಡಬಾರದು, ದೂರ ಬಂದು ದಣಿದ ಹಕ್ಕಿಯನ್ನು ಎಬ್ಬಿಸಿ ಹಾರಿಸುವುದಕ್ಕಿಂತ ದೊಡ್ಡ ಪಾಪ ಸಂಘದಲ್ಲಿ ಬೇರೊಂದಿಲ್ಲ. ಅವನು ಕೋಟಿನ ಬೆಲ್ಟು ಬಿಚ್ಚಿ ಎರಡು ಪೊದೆಗಳ ನಡುವೆ ಕಟ್ಟಿ ಗಡಿ ಹಾಕಿದ. ಹುಲ್ಲು, ಹುಲ್ಲಿನ ಕೆಳಗಿನ ತೊಟ್ಟಿ, ತೊಟ್ಟಿಯೊಳಗಿನ ಎನಿಡ್ ಎಲ್ಲವೂ ಗಡಿಯ ಆಚೆ ಸುರಕ್ಷಿತವಾಗಿ ಉಳಿದವು.

ಸುದ್ದಿ ಹಕ್ಕಿಗಿಂತ ವೇಗವಾಗಿ ಹಾರಿತು. ಹತ್ತು ಗಂಟೆಯೊಳಗೆ ಕೂರಂಬಾದ ಬೀದಿಗಳಲ್ಲಿ ಕಾರು ನಿಲ್ಲಿಸಲು ಜಾಗವಿರಲಿಲ್ಲ. ಫಿರಂಗಿಯಷ್ಟು ಉದ್ದದ ಕ್ಯಾಮೆರಾಗಳನ್ನು ಹೊತ್ತು ಜನ ಬಂದರು. ಸಿಡ್ನಿಯಿಂದ ಒಬ್ಬ ವಿಮಾನದಲ್ಲೇ ಬಂದ. ಅವನ ಹೆಂಡತಿಗೆ ಅಂದು ಹೆರಿಗೆಯ ದಿನವಂತೆ. ನಗರಸಭೆಯಿಂದ ಪಾರ್ಕಿನ ಕಾವಲಿಗೆ ತೆವಿತಾ ಬಂದ. ಆತ ಟೋಂಗಾ ದ್ವೀಪದ ಕಡೆಯವನು, ಬಾಗಿಲಿನಷ್ಟು ಅಗಲ. ಗ್ರಹಾಮನ ಬೆಲ್ಟಿನ ಬದಲು ಸರಿಯಾದ ಹಗ್ಗ ಕಟ್ಟಿ, 'ನಿಶ್ಶಬ್ದ' ಎಂಬ ಹಲಗೆ ನೆಟ್ಟ. ಕ್ರಿಕೆಟ್ ಆಡುವವರನ್ನು ಕಳಿಸಿದ. ಎಲೆ ಊದುವ ಯಂತ್ರ ಆರಿಸಿದ. ನಾಯಿಗಳನ್ನು ಹೊರಗಟ್ಟುವ ಕೆಲಸ ಬೀಳಲಿಲ್ಲ. ಅವು ಗೇಟಿನಲ್ಲೇ ಬಾಲ ಮುದುರಿ ಕೂತು, ಎಳೆದರೂ ಒಳಗೆ ಬರಲಿಲ್ಲ.

"ನಮ್ಮ ಕಡೆ ಹೀಗೆ ನಾಯಿ ಹೆದರಿದ್ರೆ ಹಿರಿಯರನ್ನ ಕರೀತಾರೆ," ಎಂದ ತೆವಿತಾ ಪಿಸುದನಿಯಲ್ಲಿ.

"ನಾನಿದ್ದೀನಲ್ಲ," ಎಂದ ಕ್ಲೈವ್.

ಅಂದು ಮಧ್ಯಾಹ್ನ ಪಾರ್ಕಿನಲ್ಲಿ ಮದುವೆಯೊಂದು ಮುಂಗಡ ನಿಗದಿಯಾಗಿತ್ತು. ತೆವಿತಾ ಎರಡೂ ಕಡೆಯವರ ಕೈ ಹಿಡಿದು ಬೇಡಿಕೊಂಡದ್ದರಿಂದ, ಅವರು ಎಲ್ಲವನ್ನೂ ಪಿಸುಗುಟ್ಟುತ್ತಲೇ ನಡೆಸಲು ಒಪ್ಪಿದರು. ವಾದ್ಯದವರು ವಾದ್ಯ ಹಿಡಿದು ಸುಮ್ಮನೆ ನಿಂತರು. ಪಾದ್ರಿ ಬಗ್ಗಿ, ಗುಟ್ಟು ಹೇಳುವವನ ಹಾಗೆ, "ಈ ಮದುವೆಗೆ ಯಾರದಾದರೂ ಆಕ್ಷೇಪಣೆ ಇದ್ದರೆ ಈಗಲೇ ಹೇಳಿ," ಎಂದ.

"ಲಾಆಆ... ಆಆಯ್!" ಎಂದು ನೆಲ ಕೂಗಿತು.

ಹುಡುಗಿಯ ತಾಯಿ ಕುರ್ಚಿಯಿಂದ ಜಾರಿದಳು. ಹುಡುಗ ಬಿಳಿಚಿಕೊಂಡು, ತಾನು ಮಾಡಿದ್ದ ಯಾವುದೋ ಸಂಗತಿಯನ್ನು ಎಲ್ಲರೆದುರು ಒಪ್ಪಿಕೊಂಡುಬಿಟ್ಟ. ಮದುವೆ ಮುಂದಕ್ಕೆ ಹೋಯಿತು. ಹಗ್ಗದ ಈಚೆ ನಿಂತಿದ್ದ ಇನ್ನೂರು ಜನ ಮಾತ್ರ ಆನಂದದಿಂದ ಕಣ್ಣು ಮುಚ್ಚಿಕೊಂಡಿದ್ದರು. ಬೆಳಗಿಗಿಂತ ಈಗ ಕೂಗು ಸ್ಪಷ್ಟವಾಗಿತ್ತು.

ಎದುರು ಬೀದಿಯ ಗ್ರೀಕ್ ಅಜ್ಜಿ ಸ್ತಾವ್ರೂಲಾ ದಿನದ ನಡಿಗೆಗೆ ಬಂದವಳು ಹಗ್ಗದ ಬಳಿ ನಿಂತಳು. ಕಪ್ಪು ನಿಲುವಂಗಿ, ಕಪ್ಪು ತಲೆವಸ್ತ್ರ. ಒಂದೇ ಒಂದು ಸಲ ಕೇಳಿದಳು. ಮೂರು ಸಲ ಎದೆಗೆ ಶಿಲುಬೆಯ ಗುರುತು ಮಾಡಿ, "ಫ್ತು, ಫ್ತು, ಫ್ತು!" ಎಂದು ಉಗಿದಳು.

"ಅಜ್ಜಿ, ಶ್!" ಎಂದ ಕ್ಲೈವ್.

"ನೀನು ಶ್! ಇದು ಹಕ್ಕಿಯಲ್ಲ ಕಣೋ ಪೆದ್ದ. ಹೆಂಗಸು."

"ಅಜ್ಜಿ, ಇದರ ಶಾಸ್ತ್ರ ನಿಮಗೆ ತಿಳಿಯಲ್ಲ."

"ನಂಗೆ ಹಕ್ಕಿ ತಿಳಿಯಲ್ಲ. ಹೆಂಗಸರು ಅಳೋದು ತಿಳಿಯುತ್ತೆ. ನೀನು ನಿನ್ನ ಆ ಕನ್ನಡಕ ಕಿವಿಗೆ ಹಾಕ್ಕೋ, ಕಣ್ಣಿಗಲ್ಲ!"

ಅವಳು ಮನೆಗೆ ಹೋಗಿ, ಸತ್ತವರ ಹೆಸರಿನಲ್ಲಿ ಹಂಚುವ ಬೇಯಿಸಿದ ಗೋಧಿಯನ್ನು ಸಕ್ಕರೆ, ದಾಳಿಂಬೆ ಹಾಕಿ ತಟ್ಟೆಯಲ್ಲಿ ತಂದು ಹಗ್ಗದ ಕೆಳಗಿಟ್ಟಳು. ನೆಲಗೋಗಿಲೆಗೆ ಮೇವು ಇಟ್ಟದ್ದು ಬಹಳ ಒಳ್ಳೆಯದಾಯಿತೆಂದು ಸಿಡ್ನಿಯವನು ಅವಳ ಕೈ ಕುಲುಕಿದ.

ಸಂಜೆ ಬೆರಿಲ್ ಗಂಡನಿಗೆ ಸ್ಯಾಂಡ್‌ವಿಚ್ ತಂದಳು. ಅವನ ಸುತ್ತ ಜನ ಮುತ್ತಿಕೊಂಡು ನೆಲಗೋಗಿಲೆ ಏನು ತಿನ್ನುತ್ತೆ, ಎಷ್ಟು ಮೊಟ್ಟೆ ಇಡುತ್ತೆ ಎಂದು ಕೇಳುತ್ತಿದ್ದರು. ಅವನು ಒಂದೊಂದಕ್ಕೂ ಉತ್ತರ ಕೊಡುತ್ತಿದ್ದ. ಬೆರಿಲ್ ಕೂಗನ್ನು ಕೇಳಿಸಿಕೊಂಡಳು. ಡಬ್ಬಿ ಕೆಳಗಿಟ್ಟು ಗಂಡನ ತೋಳು ಹಿಡಿದು ಪಕ್ಕಕ್ಕೆ ಎಳೆದಳು.

"ಕ್ಲೈವ್, ಒಂದು ಮಾತು. ಇದು ನಮ್ಮ ಅಕ್ಕನ ದನಿ ಇದ್ದ ಹಾಗಿಲ್ವಾ?"

"ನಿಮ್ಮಕ್ಕನಿಗೆ ಇಷ್ಟು ಇಂಪಾದ ದನಿ ಎಲ್ಲಿ ಬರ್ಬೇಕು?"

"ತಮಾಷೆ ಅಲ್ಲ. ಗಾರ್ಡನ್‌ಗೆ ಫೋನ್ ಮಾಡ್ದೆ, ಎತ್ತಲಿಲ್ಲ. ಮೀನು ಹಿಡಿಯೋಕೆ ಹೋಗಿರ್ತಾನೆ ಅನ್ಸುತ್ತೆ."

"ಅಕ್ಕನೂ ಅವನ ಜೊತೆ ಹೋಗಿ ಮೀನುಗಳನ್ನ ಬೈತಿರ್ತಾರೆ ಬಿಡು." ಆದರೂ ಆ ರಾತ್ರಿ ಅವನು ಸ್ಯಾಂಡ್‌ವಿಚ್ಚನ್ನು ಪೂರ್ತಿ ತಿನ್ನಲಿಲ್ಲ.

ಭಾನುವಾರದ ಬೆಳಕು ಹರಿಯುವಾಗ ಮಂಜು ಸೊಂಟದವರೆಗೆ ಏರಿತ್ತು. ಹಗ್ಗದ ಉದ್ದಕ್ಕೂ ಜನ ನಿಂತಿದ್ದರು. ಕಾಲುಗಳು ಮಂಜಿನಲ್ಲಿ ಕಾಣದೆ ಬರೀ ಮುಂಡಗಳು ಸಾಲಾಗಿ ತೇಲುವಂತಿತ್ತು. ಒಬ್ಬರೂ ಕೆಮ್ಮಲಿಲ್ಲ. ಅತ್ತಿಮರದಿಂದ ಕಾಯೊಂದು ಉದುರಿದರೂ ಎಲ್ಲರೂ ಬೆಚ್ಚುತ್ತಿದ್ದರು. ಕೂಗು ಬಂತು. ಅದರಲ್ಲಿ ಈಗ ಅಸ್ಪಷ್ಟತೆಯೆಂಬುದೇ ಇರಲಿಲ್ಲ.

"ಕ್ಲಾಆಆ... ಯ್ವ್..."

ಇನ್ನೂರು ತಲೆಗಳು ಕ್ಲೈವನ ಕಡೆ ತಿರುಗಿದವು.

"ನಿನ್ನ ಹೆಸರು ಹೇಳ್ತಿದೆ ಕಣಯ್ಯಾ," ಎಂದ ಗ್ರಹಾಂ. ಅವನ ದನಿ ಭಕ್ತನದಾಗಿತ್ತು. "ಹಕ್ಕಿಗಳ ಹೆಸರು ಅವುಗಳ ಕೂಗಿನಿಂದಲೇ ಬರೋದು. ಇನ್ನು ಇದಕ್ಕೆ ಬೇರೆ ಹೆಸರು ಇಡೋ ಹಾಗೇ ಇಲ್ಲ. ಕ್ಲೈವನ ಕೋಗಿಲೆ! ಗೋಡೆ ಯಾಕಯ್ಯಾ ನಿನಗೆ, ಪುಸ್ತಕದಲ್ಲೇ ಬರುತ್ತೆ!"

ಇಷ್ಟು ದೊಡ್ಡ ಗೌರವ ಹಾಸಿಗೆ ಮಾರಿದ ಯಾವನಿಗೂ ಸಿಕ್ಕಿರಲಾರದು. ಕ್ಲೈವ್ ಧನ್ಯವಾದ ಹೇಳಲು ತಿರುಗಿದ. ಮಂಜಿನೊಳಗಿಂದ ಬೆರಿಲ್ ಬರುತ್ತಿದ್ದಳು. ಮನೆಯ ಚಪ್ಪಲಿ, ಕೆದರಿದ ತಲೆ, ಕೈಯಲ್ಲಿ ಫೋನು.

"ಗಾರ್ಡನ್ ಈಗ ವಾಪಸ್ ಬಂದ. ಅಕ್ಕ ಅಲ್ಲಿಗೆ ಹೋಗೇ ಇಲ್ವಂತೆ ಕ್ಲೈವ್."

"ಶ್!" ಎಂದಿತು ಇನ್ನೂರು ಜನರ ಸಾಲು.

"ಕ್ಲಾಆಆ... ಯ್ವ್..." ಎಂದಿತು ನೆಲ.

ಅವನ ಎದುರಿಗೆ ಎರಡು ದಾರಿ ಇದ್ದವು. ಒಂದು ಪುಸ್ತಕದೊಳಕ್ಕೆ, ಇನ್ನೊಂದು ಹುಲ್ಲಿನೊಳಕ್ಕೆ. ಹಗ್ಗ ದಾಟಿದರೆ ಇವತ್ತಿನಿಂದ ಕೂರಂಬಾದಲ್ಲಿ ಅವನು ತಲೆಯೆತ್ತಿ ಒಂದು ಕಾಗೆಯನ್ನೂ ನೋಡುವ ಹಾಗಿರುವುದಿಲ್ಲ. ದಾಟದಿದ್ದರೆ, ಅಲ್ಲಿ ಕೆಳಗೆ ಎನಿಡ್ ಇದ್ದರೆ, ಆ ಕೂಗು ಇನ್ನೆಷ್ಟು ಹೊತ್ತು ಇದ್ದೀತು? ಹೇಳುವುದಕ್ಕೆ ನಾಚಿಕೆಯಾಗುತ್ತದೆ, ಅವನು ಒಂದು ಗಳಿಗೆ ಸುಮ್ಮನೆ ನಿಂತೇ ಇದ್ದ. ಆಮೇಲೆ ಹಗ್ಗದ ಮೇಲೆ ಕಾಲು ಹಾಕಿ, ಎಡವಿ, ದಾಳಿಂಬೆ ಗೋಧಿಯ ತಟ್ಟೆಯ ಮೇಲೆ ಬಿದ್ದು, ಎದ್ದು, ಇಡೀ ಕೂರಂಬಾ ಬೆಚ್ಚುವ ಹಾಗೆ ಅರಚಿದ.

"ಎನಿಡ್! ಎನಿಡಕ್ಕಾ!"

ಕೂಗು ಕಡಿದಂತೆ ನಿಂತಿತು. ಹಿಂದೆ ಗದ್ದಲವೆದ್ದಿತು. "ಹಾರಿಸಿಬಿಟ್ಟ!" "ಅವನನ್ನ ಹಿಡೀರಿ!" "ನನ್ನ ಹೆಂಡತಿ ಹೆರಿಗೆ ಬಿಟ್ಟು ಬಂದಿದ್ದೀನಿ ಕಣೋ ದ್ರೋಹಿ!" ಗ್ರಹಾಂ ನೆಲಕ್ಕೆ ಕುಸಿದು ತಲೆ ಹಿಡಿದುಕೊಂಡ. ಕ್ಲೈವ್ ಹುಲ್ಲು ಬಗೆಯುತ್ತ, ಅಳುತ್ತ, "ಎನಿಡಕ್ಕಾ, ರೇಡಿಯೊ ಹಾಕ್ತೀನಿ, ಎಷ್ಟು ಜೋರಾಗಿ ಬೇಕಾದ್ರೂ ಹಾಕ್ತೀನಿ!" ಎನ್ನುತ್ತ ಹೋದ. ತೆವಿತಾ ಅವನ ಹಿಂದೆಯೇ ಬಂದ, ಹಿಡಿಯುವುದಕ್ಕಲ್ಲ. ಮುರಿದ ಹಲಗೆಗಳ ನಡುವಿನ ಕಪ್ಪು ತೂತು ಕಂಡದ್ದು ಅವನಿಗೆ. ಕ್ಲೈವ್ ಅದರೊಳಗೆ ಬೀಳದಂತೆ ಅವನ ಪ್ಯಾಂಟಿನ ಪಟ್ಟಿ ಹಿಡಿದು ಎಳೆದ.

ಅಗ್ನಿಶಾಮಕದವರು ಬಂದು ದೀಪ ಬಿಟ್ಟು ಇಳಿದರು. ತಳದಲ್ಲಿ ಪಾದ ಮುಳುಗುವಷ್ಟು ನೀರು. ನೀರಿನ ನಡುವೆ ಸೂಟ್‌ಕೇಸು, ಸೂಟ್‌ಕೇಸಿನ ಮೇಲೆ ಎನಿಡ್. ಕಾಲಿನ ಗಂಟು ಬಾತು ಕುಂಬಳಕಾಯಿಯಾಗಿತ್ತು, ತುಟಿ ನೀಲಿಗಟ್ಟಿತ್ತು. ಆದರೂ ಬದುಕಿದ್ದಳು. ಮೇಲೆತ್ತಿ ಕಂಬಳಿ ಸುತ್ತಿದರು. ಬೆರಿಲ್ ಅವಳ ಕೊರಳಿಗೆ ಬಿದ್ದು ಅತ್ತಳು. ಸ್ತಾವ್ರೂಲಾ ಅಜ್ಜಿ ಯಾರ ಮುಖಕ್ಕೂ "ನಾನು ಹೇಳ್ಲಿಲ್ವಾ" ಎನ್ನಲಿಲ್ಲ. ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು, ಅದು ಇನ್ನೂ ಕೆಟ್ಟದಾಗಿತ್ತು.

ಕ್ಲೈವ್ ಮಂಡಿಯೂರಿದ. "ತಪ್ಪಾಯ್ತು ಅಕ್ಕ. ಎರಡು ದಿನ ನೀವು ನನ್ನನ್ನ ಕೂಗ್ತಾ ಇದ್ರಿ. ನಾನು ಎಲ್ಲರ ಬಾಯಿ ಮುಚ್ಚಿಸಿ ನಿಂತು ಕೇಳ್ತಿದ್ದೆ."

ಎನಿಡ್ ಅವನನ್ನು ನೋಡಿದಳು. ಬಾಯಿ ತೆರೆದಳು. ಗಾಳಿ ಬಿಟ್ಟು ಬೇರೇನೂ ಬರಲಿಲ್ಲ. ಅವನು ಕಿವಿಯನ್ನು ಅವಳ ತುಟಿಯ ಹತ್ತಿರ ತಂದ.

"ನಾನು ಕೂಗ್ಲಿಲ್ಲ," ಎಂದಳು. ಒಣಗಿದ ಎಲೆ ಸರಿದಂತಿತ್ತು ದನಿ. "ಬಿದ್ದ ಏಟಿಗೆ ಎದೆ ಹಿಡ್ಕೊಂಡು ದನಿನೇ ಹೋಯ್ತು. ಒಂದು ಸಲಾನೂ ಕೂಗೋಕೆ ಆಗ್ಲಿಲ್ಲ ನಂಗೆ."

"ಮತ್ತೆ ನನ್ನ ಹೆಸರು?"

"ಯಾರನ್ನ ಕರೀಲಿ ಅಂತ ಕೇಳ್ತು. ನಿನ್ನ ಹೆಸರು ಹೇಳ್ದೆ. ಸರಿಯಾಗಿ ಬರ್ತಿರ್ಲಿಲ್ಲ ಅದಕ್ಕೆ. ನಿನ್ನೆ ಎಲ್ಲಾ ಅಭ್ಯಾಸ ಮಾಡ್ತು."

ಈ ಮಾತು ಕೇಳಿಸಿಕೊಳ್ಳಲು ಗ್ರಹಾಂ ಬಗ್ಗಿದ್ದ. ಅವನು ಚೇತರಿಸಿಕೊಂಡು ನೆಟ್ಟಗಾದ. "ಹಾಗಾದ್ರೆ ಕೂಗಿದ್ದು ಇವರಲ್ಲ! ಹಕ್ಕಿ ಇತ್ತು! ದಾಖಲೆ ನಿಲ್ಲುತ್ತೆ! ಅಮ್ಮಾ, ಕಂಡಿರಾ? ಬಣ್ಣ ಯಾವುದು? ಕೊಕ್ಕು ಎಷ್ಟುದ್ದ?"

"ಕತ್ತಲು ಕಣಪ್ಪ. ಕಾಣ್ಲಿಲ್ಲ. ಪಕ್ಕದಲ್ಲೇ ಕೂತಿತ್ತು. ಶುಕ್ರವಾರದಿಂದ ನನ್ನ ಕೈ ಹಿಡ್ಕೊಂಡೇ ಇತ್ತು." ಅವಳು ಕ್ಲೈವನ ಕಡೆ ತಿರುಗಿದಳು. "ನೀನು ತಿಳಿದೋನು, ಹೇಳು. ಹಕ್ಕಿಗೆ ಕೈ ಇರುತ್ತಾ?"

ಅಗ್ನಿಶಾಮಕದವರು ದೀಪವನ್ನು ಮತ್ತೆ ಒಳಗೆ ಬಿಟ್ಟರು. ನೀರು, ಇಟ್ಟಿಗೆ, ಸೂಟ್‌ಕೇಸು. ಇನ್ನೇನೂ ಇರಲಿಲ್ಲ. ಹಗ್ಗದ ಬಳಿ ಜನ ಒಬ್ಬರ ಹಿಂದೊಬ್ಬರು, ಓಡದೆ, ಆದರೆ ಬಹಳ ಬೇಗ, ಗೇಟಿನ ಕಡೆ ನಡೆಯತೊಡಗಿದರು. ಸಿಡ್ನಿಯವನು ಎಲ್ಲರಿಗಿಂತ ಮುಂದಿದ್ದ.

ಎನಿಡಳನ್ನು ಆಂಬುಲೆನ್ಸಿಗೆ ಹತ್ತಿಸಿದರು. ಬೆರಿಲ್ ಮುಂದೆ ಕೂತಳು, ಕ್ಲೈವ್ ಹಿಂದೆ, ಅವಳ ಪಕ್ಕದಲ್ಲಿ. ಬಾಗಿಲು ಮುಚ್ಚಿತು, ಗಾಡಿ ಹೊರಟಿತು, ಪಾರ್ಕು ಹಿಂದೆ ಬಿತ್ತು. ಕಂಬಳಿಯ ಹೊರಗೆ ಅವಳ ಎಡಗೈ ಅರ್ಧ ಮುಚ್ಚಿದಂತೆ ಬಿದ್ದಿತ್ತು. ಬೆಚ್ಚಗಾದೀತೆಂದು ಅದನ್ನು ಹಿಡಿದುಕೊಳ್ಳಲು ಕೈ ಚಾಚಿದ.

"ಆ ಕೈ ಬೇಡ ಕ್ಲೈವ್," ಎಂದಳು ಎನಿಡ್. "ಈ ಕಡೆ ಬಂದು ಕೂತ್ಕೋ. ಅದು ಇನ್ನೂ ಬಿಟ್ಟಿಲ್ಲ."